ಗೋರಿ ದಾಟಿದ ಮೇಲೆ

ಗೋರಿಗೆ ಹೋಗಬೇಕಿತ್ತು ಲಮಾರಾ.
ನಗಬೇಡಿ, ಜಾರ್ಜಿಯಾದಲ್ಲಿ ಅದೊಂದು ಊರಿನ ಹೆಸರು,
ತ್ಬಿಲಿಸಿಯಿಂದ ಗಂಟೆ, ಗಂಟೆಕಾಲು.
ಅಲ್ಲಿನ ಗ್ರಂಥಾಲಯದಲ್ಲಿ ಹನ್ನೊಂದಕ್ಕೆ ಅವಳ ಉಪನ್ಯಾಸ:
‘ಕತೆ ಕಟ್ಟುವ ಬಗೆ’. ಚೀಲದಲ್ಲಿ ಎಂಟು ಹಾಳೆ,
ಒಂದೊಂದರ ನೆತ್ತಿಗೂ ಕೆಂಪು ಶಾಯಿಯ ಅಂಕಿ.
ಮೊದಲ ಹಾಳೆಯ ಮೊದಲ ಸಾಲು:
ಕೊನೆ ಗೊತ್ತಿಲ್ಲದೆ ಪೆನ್ನು ಎತ್ತಬೇಡಿ.

ದಿದುಬೆ ನಿಲ್ದಾಣದಲ್ಲಿ ಏಪ್ರಿಲ್ಲಿನ ಮಂಜು, ಬಿಸಿ ರೊಟ್ಟಿಯ ಹಬೆ,
ಒಬ್ಬರ ಮೇಲೊಬ್ಬರು ಊರು ಕೂಗುವ ಡ್ರೈವರುಗಳು.
ಬೋರ್ಡು ನೋಡಲಿಲ್ಲ. ನೋಡಿದಳೇನೋ,
ಕನ್ನಡಕ ಚೀಲದಲ್ಲಿತ್ತು.
ಹತ್ತಿದಳು, ಕೂತಳು,
ಕಿಟಕಿಗೆ ತಲೆ ಆನಿಸಿದ್ದೇ ತಡ, ಕಣ್ಣು ಹತ್ತಿತು.

ಎಚ್ಚರಾದಾಗ ಬಯಲು ಇರಲಿಲ್ಲ.
ಎಡಕ್ಕೆ ಕಂದರ, ಬಲಕ್ಕೆ ಬೆಟ್ಟದ ಬರಿಮೈ,
ಕೆಳಗೆ ಬೂದಿ ಕಲಸಿದಂಥ ಹೊಳೆ, ರಿಯೋನಿ ಎಂದರು ಯಾರೋ.
‘ಗೋರಿ?’ ಎಂದಳು.
‘ನೀನು ಗೊರಕೆ ಹೊಡೆವಾಗಲೇ ಹಿಂದಾಯಿತಮ್ಮಾ!’
ವ್ಯಾನಿಗೆ ವ್ಯಾನೇ ನಕ್ಕಿತು. ಓನಿಗೆ ಹೊರಟ ವ್ಯಾನು.

ಪಕ್ಕದಾಕೆ ಮಾಕ್ವಾಲಾ ನಗಲಿಲ್ಲ.
ತೊಡೆಯ ಮೇಲಿನ ರಟ್ಟಿನ ಪೆಟ್ಟಿಗೆ ತೆರೆದು
ಒಂದು ಕೋಳಿಮರಿ ತೆಗೆದು ಇವಳ ಬೊಗಸೆಗಿಟ್ಟಳು.
‘ಚಳಿ ಇದಕ್ಕೆ. ನಿನ್ನ ಕೈ ಖಾಲಿ ಇದೆಯಲ್ಲ.’

ಎಂಟು ಹಾಳೆಯ ಪ್ರಕಾರ
ಇಷ್ಟು ಹೊತ್ತಿಗೆ ಸಂಘರ್ಷ ಶುರುವಾಗಬೇಕಿತ್ತು.
ಬೊಗಸೆಯಲ್ಲಿ ಒಂದು ಎದೆಬಡಿತ,
ಅಷ್ಟೆ,
ಇವಳದಕ್ಕಿಂತ ಬಿರುಸು.

ಅಂಬ್ರೊಲೌರಿ ದಾಟಿದ ಮೇಲೆ ಗುಡ್ಡ ಜರಿದಿತ್ತು.
ಟ್ರ್ಯಾಕ್ಟರು ಬರುವವರೆಗೆ ದಾರಿಯಿಲ್ಲ.
ಯಾರೂ ಗೊಣಗಲಿಲ್ಲ. ಇಳಿದರು,
ವಾಲ್ನಟ್ ಮರದ ಬುಡದಲ್ಲಿ ಬುತ್ತಿ ಬಿಚ್ಚಿದರು.
ತಟ್ಟೆ ಸಾಲದೆ ಬಂದಾಗ ಲಮಾರಾ ಚೀಲಕ್ಕೆ ಕೈ ಹಾಕಿದಳು:
ಎರಡನೆಯ ಹಾಳೆಯ ಮೇಲೆ ಉಪ್ಪು,
ಆರನೆಯದರ ಮೇಲೆ ಚೀಸು, ಸೌತೆಕಾಯಿ,
ಮೊದಲನೆಯದು ಪೆಟ್ಟಿಗೆಯ ತಳಕ್ಕೆ, ಮರಿಗಳ ಕಾಲಡಿಗೆ.

ಆಗ ಹಿಂದಿನ ಸೀಟಿನ ಮುದುಕ ವಾರ್ಲಾಮ್
ಹೇಸರಗತ್ತೆಯ ಕತೆ ತೆಗೆದ. ನಡುವಿನಿಂದಲೇ ತೆಗೆದ.
ಹೇಸರಗತ್ತೆ ಆಗಲೇ ಹೊಳೆಗೆ ಇಳಿದಿದೆ,
ಬೆನ್ನ ಮೇಲೆ ಮದುವಣಗಿತ್ತಿಯ ನಿಲುಗನ್ನಡಿ.
ಯಾರ ಮದುವೆ, ಯಾವ ವರ್ಷ, ಒಂದೂ ಹೇಳಲಿಲ್ಲ.
‘ನೀರು ಎದೆಮಟ್ಟ. ಕನ್ನಡಿ ತುಂಬ ಆಕಾಶ’ ಎಂದ.
ಸೌತೆ ಹೆಚ್ಚುತ್ತಿದ್ದ ಡ್ರೈವರ್ ಗೋಚಾನ ಚಾಕು ನಿಂತಿತು.

‘ಕನ್ನಡಿಯಲ್ಲ, ಹೊಲಿಗೆ ಮೆಷಿನು’ ಎಂದಳು ಮಾಕ್ವಾಲಾ.
‘ನಿನಗೇನು ಗೊತ್ತು?’
‘ಮದುವಣಗಿತ್ತಿ ನಾನೇ.’

ಮುದುಕ ಮೀಸೆಗಂಟಿದ ರೊಟ್ಟಿಚೂರು ಒರೆಸಿಕೊಂಡ.
‘ಹೊಲಿಗೆ ಮೆಷಿನಿನಲ್ಲಿ ಆಕಾಶ ಕಾಣುತ್ತದೇನೇ?’

ಅವಳು ಹೊಳೆಯ ಕಡೆ ನೋಡಿದಳು, ತುಸು ದೀರ್ಘವಾಗಿಯೇ.
ಗಂಡನ ನೆನಪೋ, ಮೆಷಿನಿನ ನೆನಪೋ.
‘ಇರಲಿ’ ಎಂದಳು. ‘ಕನ್ನಡಿ.’

ಅಷ್ಟರಲ್ಲಿ ಟ್ರ್ಯಾಕ್ಟರು ಬಂತು.
ಎಲ್ಲರೂ ಬಟ್ಟೆ ಕೊಡವಿ ಎದ್ದರು,
ಹೇಸರಗತ್ತೆ ನಡುಹೊಳೆಯಲ್ಲೇ ಉಳಿಯಿತು.
ಈಜಿತೋ, ಮುಳುಗಿತೋ,
ತಿಳಿಯಬೇಕೆಂಬ ತುರಿಕೆ ಇವಳೊಬ್ಬಳಿಗೆ.
ಕೇಳಲು ಬಾಯಿ ತೆರೆದಳು, ಗೋಚಾ ಹಾರ್ನು ಒತ್ತಿದ.

ಓನಿಯಲ್ಲಿ ಸಂಜೆ ಫೋನಿಗೆ ಜೀವ ಬಂತು.
ಗೋರಿಯ ಗ್ರಂಥಪಾಲಕಿ ಬೇಸರಿಸಲಿಲ್ಲ:
‘ಮೂವರು ಬಂದಿದ್ದರು. ಚಹಾ ಕುಡಿದು ಹೋದರು.’
ಮರಿಯನ್ನು ಪೆಟ್ಟಿಗೆಗೆ ಮರಳಿಸಿದಳು.
ಅದು ಹುಂಜವಾಯಿತೋ ಹೇಟೆಯಾಯಿತೋ,
ಅದೂ ಗೊತ್ತಿಲ್ಲ.

ಮುಂದಿನ ಗುರುವಾರ, ತ್ಬಿಲಿಸಿಯ ಸಂಜೆ ತರಗತಿ.
ಹನ್ನೆರಡು ನೋಟ್‌ಬುಕ್ಕು, ಖಾಲಿ ಕರಿಹಲಗೆ.
ಲಮಾರಾ ಕುರ್ಚಿಯಲ್ಲಿ ಕೂರದೆ ಹೇಳಿದಳು,
‘ಹೇಸರಗತ್ತೆ ಹೊಳೆಯಲ್ಲಿದೆ. ಬರೆಯಿರಿ.’
ಕಿಟಕಿಯ ಬಳಿಯ ಹುಡುಗ ಕೈಯೆತ್ತಿದ:
‘ಬೆನ್ನ ಮೇಲೇನಿದೆ, ಮೇಡಂ?’

ಉತ್ತರಕ್ಕೆ ಮೊದಲೇ
ಅವಳ ಎರಡೂ ಅಂಗೈ ಜೋಡಿ
ಬೊಗಸೆಯಾಗಿ ಅರೆಮುಚ್ಚಿಕೊಂಡವು,
ಒಳಗೆ ಚಳಿಗೆ ನಡುಗುವಂಥದೇನೋ ಇದ್ದ ಹಾಗೆ.